ಎರಡನೇ ಶೆಡ್ಡಿಗೂ ಒಂದು ಸೌಟು

ಹನ್ನೊಂದು ವರ್ಷದಿಂದ ಕೋಳಿ ಫಾರ್ಮಿನಲ್ಲಿರುವ ಆಕೆಯನ್ನು ಎಲ್ಲರೂ ಶೆಡ್ಡಮ್ಮ ಅಂತಲೇ ಕರೆಯುತ್ತಾರೆ. ಬಾಗಿಲು ತೆಗೆದು ಒಂದು ಸಲ ಉಸಿರೆಳೆದರೆ ಸಾಕು, ನೆಲದ ಹೊಟ್ಟು ಒದ್ದೆಯಾಗಿದೆಯೋ, ಮರಿಗಳ ಹೊಟ್ಟೆ ಕೆಟ್ಟಿದೆಯೋ ಹೇಳಿಬಿಡುತ್ತಾಳೆ, ಅದಕ್ಕೇ ಮೇವಿನ ಕಂಪನಿಯ ಡಾಕ್ಟರಮ್ಮ ತಮ್ಮ ಪ್ರಯೋಗಕ್ಕೆ ಅವಳನ್ನೇ ಆರಿಸಿದ್ದು. ಒಂದನೇ ಶೆಡ್ಡಿನ ಮೇವಿಗೆ ಬೆಳ್ಳುಳ್ಳಿ, ದಾಲ್ಚಿನ್ನಿ, ಪುದೀನ ಒಣಗಿಸಿ ಮಾಡಿದ ಪುಡಿ, ಎರಡನೇ ಶೆಡ್ಡಿಗೆ ಬರೀ ಮೇವು, ಎರಡಕ್ಕೂ ಆಂಟಿಬಯಾಟಿಕ್ ಇಲ್ಲ, ನಲವತ್ತನೇ ದಿನ ತೂಕ. ಪುಡಿ ಗೆದ್ದರೆ ಇಡೀ ಫಾರ್ಮಿನಲ್ಲಿ ಮೇವಿಗೆ ಔಷಧಿ ಬೆರೆಸುವುದು ನಿಲ್ಲುತ್ತದೆ.

ನಲವತ್ತನೇ ದಿನ ಎರಡೂ ಕಡೆ ತೂಕ ಹೆಚ್ಚೂಕಮ್ಮಿ ಒಂದೇ ಬಂತು.

“ಪುಡಿ ದಂಡ, ಶೆಡ್ಡಮ್ಮ. ಸಂಜೆ ರಿಪೋರ್ಟ್ ಕಳಿಸಿಬಿಡ್ತೀನಿ,” ಎಂದರು ಡಾಕ್ಟರಮ್ಮ.

ಕಾರಣ ಶೆಡ್ಡಮ್ಮನಿಗೆ ಮಾತ್ರ ಗೊತ್ತಿತ್ತು. ಒಂಬತ್ತನೇ ದಿನ ಎರಡನೇ ಶೆಡ್ಡಿನ ಮರಿಗಳಿಗೆ ಭೇದಿ ಶುರುವಾದಾಗ, ಪಕ್ಕದ ಶೆಡ್ಡಿನವು ಗುಂಡುಗುಂಡಗೆ ಓಡಾಡುವುದನ್ನು ನೋಡಿ, ಇವೇನು ಪಾಪ ಮಾಡಿದ್ದವು ಅಂತ ಕರುಳು ಚುರ್ರೆಂದು, ಅಂದಿನಿಂದ ದಿನಾ ಅವುಗಳ ಮೇವಿಗೂ ಒಂದು ಸೌಟು ಪುಡಿ ಬೆರೆಸಿಬಿಟ್ಟಿದ್ದಳು.

ಮಧ್ಯಾಹ್ನದ ಊಟಕ್ಕೆ ಕೂತಾಗ, ಅದೇ ಫಾರ್ಮಿನ ಮೇವಿನ ಲಾರಿ ಓಡಿಸುವ ಗಂಡನಿಗೆ ಇದನ್ನೆಲ್ಲ ಹೇಳಿದಳು.

“ಬಾಯಿಗೆ ಬೀಗ ಹಾಕ್ಕೊಂಡಿರು. ನಿನ್ನ ಕೆಲಸ ಹೋದ್ರೆ ಕೋಳಿ ಬಂದು ಸಾಕುತ್ತಾ?”

“ಪುಡಿ ಕೆಲಸ ಮಾಡಿದೆ ರೀ. ಮಾಡಿಲ್ಲ ಅಂತ ಬರೀತಾರಲ್ಲ.”

“ಬರ್ಕೊಳ್ಳಲಿ, ಬಿಡು.”

“ನಿಮಗೆ ಭೇದಿ ಆದಾಗ ನಾನು ಹಾಗೇ ಬಿಟ್ಟಿದ್ನಾ?”

ಅವಳು ಕೈ ತೊಳೆದು ನೇರ ಆಫೀಸಿಗೆ ಹೋಗಿ ಒಂದೇ ಉಸಿರಿಗೆ ಎಲ್ಲ ಒದರಿಬಿಟ್ಟಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನನ್ನ ನಲವತ್ತು ದಿನ ಮಣ್ಣುಪಾಲು ಮಾಡಿದ್ರಲ್ರೀ.”

“ಮಾಡ್ದೆ.”

“ಭೇದಿ ಎಷ್ಟು ದಿನಕ್ಕೆ ನಿಲ್ತು?”

“ನಾಲ್ಕಕ್ಕೆ. ಒಂದೂ ಸಾಯ್ಲಿಲ್ಲ.”

ಅವರು ರಿಪೋರ್ಟನ್ನು ಹರಿದು ಬುಟ್ಟಿಗೆ ಹಾಕಿದರು.

“ಮೊದಲಿಂದ ಮಾಡೋಣ. ಎರಡನೇ ಶೆಡ್ಡಿಗೆ ಬೇರೆಯವರನ್ನ ಹಾಕ್ತೀನಿ. ನೀವು ಆ ಕಡೆ ಸುಳೀಬಾರ್ದು.”

“ಅವಕ್ಕೆ ಹೊಟ್ಟೆ ಕೆಟ್ರೆ?”

“ನನಗೆ ಫೋನ್ ಬರುತ್ತೆ. ನಿಮಗಲ್ಲ.”

ಅಂತೂ ಕೆಲಸ ಉಳಿಯಿತು. ಹೊಸ ಮರಿಗಳು ಬಂದು ಹತ್ತನೇ ದಿನ ಪಕ್ಕದ ಶೆಡ್ಡಿನಿಂದ ಸೊರಗಿದ ಚಿಂವ್‌ಚಿಂವ್ ಕೇಳಿತು, ಡಾಕ್ಟರಮ್ಮನಿಗೆ ಫೋನೂ ಹೋಯಿತು. ಶೆಡ್ಡಮ್ಮ ರೇಡಿಯೋದ ಸದ್ದು ಜೋರು ಮಾಡಿ, ತನ್ನ ಶೆಡ್ಡಿನ ಮೇವಿಗೆ ಮಾತ್ರ ಪುಡಿ ಬೆರೆಸಿದಳು.