‘ಹೌದು’ ಒತ್ತುವ ಮುಂಚೆ ಒಮ್ಮೆ ಓದಿ ಅನ್ನುವ ಪೆನ್‌ಡ್ರೈವ್ ಅಕ್ಕ

ಶನಿವಾರ ಬೆಳಿಗ್ಗೆ ಐದೂಮುಕ್ಕಾಲು. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಇಳಿಜಾರು ಸೂರಿನ ಒಂದು ಕೋಣೆ. ನಿಂತರೆ ತಲೆಗೆ ತಾಗುತ್ತದೆ, ಕೂತರೆ ಮೊಣಕಾಲಿಗೆ ತಾಗುತ್ತದೆ. ಅಷ್ಟರಲ್ಲೇ ಜಾಗ ಮಾಡಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಟೀವಿಯ ಕಪ್ಪು ಪರದೆಯನ್ನು ಗುರಾಯಿಸುತ್ತಿದ್ದಾರೆ. ಬಿಳಿ ಸಾಲುಗಳು ಸರಸರನೆ ಓಡಿ ಓಡಿ ಒಂದು ಕಡೆ ಗಕ್ಕನೆ ನಿಲ್ಲುತ್ತವೆ. ನಾಲ್ಕು ದಿನದಿಂದ ಅವು ನಿಲ್ಲುತ್ತಿರುವುದು ಅದೇ ಸಾಲಿನಲ್ಲಿ.

“ನಿಲ್ಲಪ್ಪ, ನಿಲ್ಲು. ನನಗೆ ತಾನೆ ಇನ್ನೇನು ಕೆಲಸ ಇದೆ?” ಅನ್ನುತ್ತಾರೆ ಅವರು. ಹೇಳುತ್ತಿರುವುದು ಟೀವಿಗೆ ಸಿಕ್ಕಿಸಿದ ಹಳೆಯ ಗೇಮ್ ಪೆಟ್ಟಿಗೆಗೆ. ಕೊರಳಲ್ಲಿ ದಾರಕ್ಕೆ ಪೋಣಿಸಿದ ಹನ್ನೊಂದು ಪೆನ್‌ಡ್ರೈವ್‌ಗಳಿವೆ. ಬೀದಿಯವರಿಗೆಲ್ಲ ಅವರು ಪೆನ್‌ಡ್ರೈವ್ ಅಕ್ಕ. ಅಕ್ಕನಿಗೆ ಈ ಹೆಸರು ಇಷ್ಟವಿಲ್ಲ, ಆದರೆ ಬೇಡವೆಂದು ಹೇಳಿ ಹೇಳಿ ಬಾಯಿ ನೋವು ಬಂದಮೇಲೆ ಸುಮ್ಮನಾಗಿದ್ದಾರೆ.

ಕಂಪ್ಯೂಟರ್ ಎದ್ದು ಕೂತು ಮಾತು ಕೇಳಬೇಕಾದರೆ ಅದರೊಳಗೆ ಒಂದು ಆಪರೇಟಿಂಗ್ ಸಿಸ್ಟಂ ಇರಬೇಕು. ಮಾರುವವರು ಹಾಕಿಕೊಟ್ಟ ಸಿಸ್ಟಂ ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತದೆ. ಆಮೇಲೊಂದು ದಿನ, ನಿಮ್ಮ ಯಂತ್ರ ಹಳೆಯದು, ಹೊಸದು ಕೊಳ್ಳಿ ಎಂದು ಅದೇ ಹೇಳುತ್ತದೆ. ಜನ ತಲೆಯಾಡಿಸಿ ಗುಜರಿಗೆ ಹಾಕುತ್ತಾರೆ. ಹಾಗೆ ಹಾಕಲು ಹೊರಟ ಲ್ಯಾಪ್‌ಟಾಪ್‌ಗಳಿಗೆ, ಮಕ್ಕಳು ಆಡಿ ಬೇಸತ್ತು ಬಿಟ್ಟ ಗೇಮ್ ಪೆಟ್ಟಿಗೆಗಳಿಗೆ ಹಳೆಯದನ್ನು ಅಳಿಸಿ, ಹಗುರವಾದ, ಯಾರು ಬೇಕಾದರೂ ತಿದ್ದಬಹುದಾದ ಲಿನಕ್ಸ್ ಎಂಬ ಸಿಸ್ಟಮ್ಮನ್ನು ಪೆನ್‌ಡ್ರೈವ್‌ನಿಂದ ಹಾಕಿಕೊಡುವುದು ಅಕ್ಕನ ಕೆಲಸ. ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದಾರೆ. ದಿನಕ್ಕೆ ನಾಲ್ಕೈದು ಲ್ಯಾಪ್‌ಟಾಪ್, ತಿಂಗಳಿಗೆ ಎರಡೋ ಮೂರೋ ಗೇಮ್ ಪೆಟ್ಟಿಗೆ. ಒಂದು ಲ್ಯಾಪ್‌ಟಾಪಿಗೆ ನಲವತ್ತು ನಿಮಿಷ ಸಾಕು. ಅದರ ಯಜಮಾನನಿಗೆ ತಿಳಿಹೇಳಲು ಎರಡು ಗಂಟೆ ಬೇಕು. ಆಮೇಲೆ ಫೋನು ಬೇರೆ. ದಿನಕ್ಕೆ ಮೂವತ್ತು ಕರೆ ಬಂದರೆ ಇಪ್ಪತ್ತು ಕರೆ, ಮೂಲೆಯಲ್ಲಿದ್ದ ಬಟನ್ ಎಲ್ಲಿ ಹೋಯಿತು ಎಂದು.

“ಬಟನ್ ಎಲ್ಲೂ ಹೋಗಿಲ್ಲ, ಎಡಗಡೆ ಇದ್ದದ್ದು ಮೇಲುಗಡೆ ಬಂದಿದೆ ಅಷ್ಟೆ. ಕಣ್ಣೆತ್ತಿ ನೋಡಿ ಅಂತೀನಿ. ನೋಡಲ್ಲ. ನನಗೇ ಫೋನ್ ಮಾಡ್ತಾರೆ” ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ.

ಇನ್ನೊಂದು ಜಾತಿಯ ಗಿರಾಕಿಗಳಿದ್ದಾರೆ. ಪೆಟ್ಟಿಗೆ ಬಿಚ್ಚಿಕೊಡಿ, ಪುಕ್ಕಟೆ ಆಟಗಳನ್ನು ತುಂಬಿಕೊಡಿ ಅನ್ನುವವರು. ಕದ್ದ ಮಾಲು ಮುಟ್ಟುವುದಿಲ್ಲ ಎಂದು ಅಕ್ಕ ಬಾಗಿಲಲ್ಲೇ ಹೇಳಿ ಕಳಿಸುತ್ತಾರೆ. ಒಳಗೆ ಬಂದವರಿಗೂ ಒಂದು ಕಟ್ಟಳೆಯಿದೆ. ಅಳಿಸುವ ಮುಂಚೆ ಪರದೆಯ ಮೇಲೆ ಮೂಡುವ ಎಚ್ಚರಿಕೆಯನ್ನು ಯಂತ್ರದ ಯಜಮಾನರೇ ಗಟ್ಟಿಯಾಗಿ ಓದಬೇಕು. ಅದೆಲ್ಲ ಯಾಕಕ್ಕ, ಹಾಕಿ ಎಂದು ಎಲ್ಲರೂ ಗೊಣಗುತ್ತಾರೆ. ಗೊಣಗುತ್ತ ಓದುತ್ತಾರೆ. ಓದಿ ಮುಗಿಸಿ, ತಾಳಿ, ಇದರಲ್ಲಿ ಮಗಳ ಫೋಟೊ ಇದೆ ಎಂದು ತಡವರಿಸಿದವರ ಲೆಕ್ಕವನ್ನು ಅಕ್ಕ ಇಟ್ಟಿಲ್ಲ.

ಅಕ್ಕ ಈ ಕಸುಬಿಗೆ ಬಂದದ್ದು ಸಿಟ್ಟಿನಿಂದ. ಮೊದಲು ಟೈಪಿಂಗ್ ಕಲಿಸುತ್ತಿದ್ದರು, ಆಮೇಲೆ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಆದರು. ಒಂದು ಸೋಮವಾರ ಅಲ್ಲಿನ ನಲವತ್ತು ಕಂಪ್ಯೂಟರ್‌ಗಳನ್ನು, ಹೊಸ ಸಿಸ್ಟಂ ಹಿಡಿಯುವುದಿಲ್ಲವೆಂಬ ಒಂದೇ ಕಾರಣಕ್ಕೆ, ವರಾಂಡದಲ್ಲಿ ರಾಶಿ ಹಾಕಿದರು. ಗುಜರಿಯವನಿಗೆ ಫೋನ್ ಮಾಡುವ ಕೆಲಸ ಅಕ್ಕನ ಪಾಲಿಗೆ ಬಂತು. ಹಿಂದಿನ ಶುಕ್ರವಾರ ಸಂಜೆಯವರೆಗೂ ಅವರು ಅದೇ ಯಂತ್ರದಲ್ಲಿ ಕೆಲಸ ಮಾಡಿದ್ದರು. ಕೇಳಿಕೊಂಡು ಒಂದನ್ನು ಮನೆಗೆ ತಂದರು. ಅದನ್ನು ಎಬ್ಬಿಸಲು ಹತ್ತೊಂಬತ್ತು ದಿನ ಹಿಡಿಯಿತು. ಎದ್ದ ದಿನ ಅವರಿಗೆ ಖುಷಿಗಿಂತ ಉರಿಯೇ ಹೆಚ್ಚಾಯಿತಂತೆ, ಉಳಿದ ಮೂವತ್ತೊಂಬತ್ತನ್ನು ನೆನೆದು.

ಸಲೀಸಾಗಿ ನಡೆದ ಕಸುಬೇನಲ್ಲ. ಬಗ್ಗಿ ಬಗ್ಗಿ ಸೊಂಟ ಹೋಗಿದೆ. ತಲೆಯ ಮೇಲೆ ಇಡೀ ಕಟ್ಟಡ ಹತ್ತಿ ಇಳಿಯುತ್ತದೆ. ಕೋಣೆಯೊಳಗೆ ಇಣುಕಿದವರು ಇವತ್ತಿಗೂ, ರಿಪೇರಿಯವರು ಇಲ್ಲವಾ ಎಂದು ಅಕ್ಕನನ್ನೇ ಕೇಳುತ್ತಾರೆ. ಮೊದಮೊದಲು ವಿವರಿಸುತ್ತಿದ್ದರು. ಈಗ, ಊಟಕ್ಕೆ ಹೋಗಿದ್ದಾರೆ, ಒಂದು ಗಂಟೆ ಬಿಟ್ಟು ಬನ್ನಿ ಅನ್ನುತ್ತಾರೆ.

ಈ ಶನಿವಾರದ ಗೇಮ್ ಪೆಟ್ಟಿಗೆಯ ಕಥೆ ಬೇರೆ. ಅದನ್ನು ತಂದವರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು, ಬೇಕಾಗಿರುವುದು ಅವರ ಅಪ್ಪನಿಗೆ. ಅಪ್ಪ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು, ಅಂದರೆ ಸೀಸದ ಅಕ್ಷರಗಳನ್ನು ಒಂದೊಂದಾಗಿ ಆಯ್ದು ಸಾಲು ಕಟ್ಟುತ್ತಿದ್ದವರು. ಮೊಳೆಗಳ ಕಾಲ ಮುಗಿದಮೇಲೂ ಒಂದು ವಾರಪತ್ರಿಕೆಗೆ ಪದಬಂಧ ಕಟ್ಟಿಕೊಡುತ್ತ ಬಂದಿದ್ದಾರೆ, ಮೂವತ್ತೊಂದು ವರ್ಷದಿಂದ, ಒಂದು ವಾರವೂ ತಪ್ಪದೆ. ಅಚ್ಚಿಗೆ ಕಳಿಸುವ ಮುಂಚೆ ಪ್ರತಿಯೊಂದನ್ನೂ ಮಗಳೇ ಬಿಡಿಸಿ ನೋಡಬೇಕು. ಅವಳು ಎಲ್ಲೂ ತಡವರಿಸದಿದ್ದರೆ ಅದು ತೀರಾ ಸುಲಭ, ಎಲ್ಲ ಕಡೆ ತಡವರಿಸಿದರೆ ತೀರಾ ಕಷ್ಟ. ಇದು ಆ ಮನೆಯ ಪದ್ಧತಿ.

ನಾಲ್ಕು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ತೊದಲುತ್ತದೆ, ಪೆನ್ನು ನಿಲ್ಲುವುದಿಲ್ಲ. ಕೀಬೋರ್ಡಿನ ಮೇಲೆ ಕೈಯಿಟ್ಟರೆ ನಾಲ್ಕು ಅಕ್ಷರ ಒಟ್ಟಿಗೆ ಬೀಳುತ್ತವೆ, ಮೊಬೈಲಿನ ಗಾಜಂತೂ ನಡುಗುವ ಬೆರಳಿಗೆ ಆಗಿಬರುವುದೇ ಇಲ್ಲ. ಎರಡು ಹೆಬ್ಬೆರಳು ಮಾತ್ರ ಮಾತು ಕೇಳುತ್ತವೆ. ವ್ಯಾಯಾಮಕ್ಕೆಂದು ಮೊಮ್ಮಗನ ಗೇಮ್ ಪೆಟ್ಟಿಗೆಯ ಜಾಯ್‌ಸ್ಟಿಕ್ ಕೈಗೆ ಕೊಟ್ಟಾಗ ಅದು ಗೊತ್ತಾಯಿತು. ಕೈ ಎಷ್ಟು ನಡುಗಿದರೂ ಅದರ ಕಡ್ಡಿ ಒಂದು ಸಲಕ್ಕೆ ಒಂದೇ ಮನೆ ಸರಿಯುತ್ತದೆ. ಪದಬಂಧಕ್ಕೆ ಬೇಕಾದದ್ದೂ ಅಷ್ಟೇ.

ಬರೆದು ಕೂಡಿಟ್ಟಿದ್ದ ಪದಬಂಧಗಳೆಲ್ಲ ತೀರಿವೆ. ಸೋಮವಾರ ಹನ್ನೊಂದರೊಳಗೆ ಹೊಸದು ಬಾರದಿದ್ದರೆ ಆ ಜಾಗವನ್ನು ಬೇರೆಯವರಿಗೆ ಕೊಡುವುದಾಗಿ ಪತ್ರಿಕೆಯವರು ತಿಳಿಸಿದ್ದಾರೆ. ನೀವು ಹೇಳಿ, ಮಗಳು ಬರೆದುಕೊಳ್ಳಲಿ ಎಂದು ಅಕ್ಕನೂ ಹೇಳಿ ನೋಡಿದ್ದಾರೆ. ಮುದುಕ ಒಂದೊಂದೇ ಪದ ಕಿತ್ತು ತೆಗೆಯುವವರಂತೆ ಉತ್ತರ ಕೊಟ್ಟಿದ್ದಾರೆ.

“ಅವಳು... ಬರೆದ್ರೆ... ಬಿಡಿಸೋರು... ಯಾರು?”

ಹಾಗಾಗಿ ಪೆಟ್ಟಿಗೆಗೆ ಲಿನಕ್ಸ್ ಹಾಕಬೇಕು, ಅದರಲ್ಲಿ ಪದಬಂಧದ ಮನೆಗಳನ್ನು ಮೂಡಿಸಬೇಕು. ಇಂಥ ಪೆಟ್ಟಿಗೆಗಳನ್ನು ಆಟ ಬಿಟ್ಟು ಬೇರೇನೂ ಮಾಡದ ಹಾಗೆ ಬೀಗ ಹಾಕಿಯೇ ಮಾರುತ್ತಾರೆ. ಒಳಗಿನ ತಂತ್ರಾಂಶ ಹಳೆಯದಿದ್ದರೆ ಬೀಗದಲ್ಲೊಂದು ಸಂದು ಸಿಗುತ್ತದೆ, ಹೊಸದಾದರೆ ಆ ಸಂದೂ ಮುಚ್ಚಿಹೋಗುತ್ತದೆ. ಆದ್ದರಿಂದ ಈ ಕಸುಬಿನವರಿಗೆ ಒಂದೇ ನೇಮ, ಕೆಲಸ ಮುಗಿಯುವ ತನಕ ಪೆಟ್ಟಿಗೆಗೆ ಇಂಟರ್ನೆಟ್ಟಿನ ಗಾಳಿಯೂ ಸೋಕಬಾರದು. ಅಕ್ಕ ವೈರನ್ನು ಕಿತ್ತು ಮೇಜಿನ ಪಕ್ಕ ಇಳಿಬಿಟ್ಟಿರುವುದು ಅದಕ್ಕೇ.

ಏಳೂವರೆಗೆ, ನಾಲ್ಕು ದಿನದ ಗುದ್ದಾಟದ ನಂತರ, ಸಾಲುಗಳು ಯಾಕೆ ನಿಲ್ಲುತ್ತಿವೆ ಎಂದು ಅಕ್ಕನಿಗೆ ಹೊಳೆಯುತ್ತದೆ. ಇನ್ನು ಒಂದು ಗಂಟೆಯ ಕೆಲಸ. ನೆಮ್ಮದಿಯಿಂದ ಸ್ನಾನಕ್ಕೆಂದು ಮೇಲಿನ ಮನೆಗೆ ಹೋಗುತ್ತಾರೆ.

ಅಕ್ಕನ ಯಜಮಾನರು ಗ್ರಂಥಪಾಲಕರಾಗಿ ನಿವೃತ್ತರಾದವರು. ಒಂದು ವಸ್ತು ವಾರೆಯಾಗಿದ್ದರೂ ಜೀವ ತಡೆಯದು. ಧೂಳು ಹೊಡೆಯಲು ಕೋಣೆಗೆ ಇಳಿದವರು ಇಳಿಬಿದ್ದ ವೈರನ್ನು ಕಾಣುತ್ತಾರೆ. ಪಾಪ, ಕಳಚಿ ಬಿದ್ದಿದೆ ಎಂದುಕೊಂಡು ಒರೆಸಿ, ಒಪ್ಪವಾಗಿ ಪೆಟ್ಟಿಗೆಗೆ ಸಿಕ್ಕಿಸುತ್ತಾರೆ. ಪೆಟ್ಟಿಗೆ ತಕ್ಷಣ, ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂದು ಕೇಳುತ್ತದೆ. ಅವರು ‘ಹೌದು’ ಒತ್ತುತ್ತಾರೆ. ಅಕ್ಕ ಇಳಿದು ಬರುವಷ್ಟರಲ್ಲಿ ಸಂದು ಮುಚ್ಚಿ ಹತ್ತು ನಿಮಿಷವಾಗಿದೆ.

ಅಕ್ಕ ವೈರನ್ನು ಮತ್ತೆ ಕಿತ್ತುಹಾಕುತ್ತಾರೆ. ಸ್ಟೂಲಿನ ಮೇಲೆ ಕೂರುತ್ತಾರೆ. ಅದು ಮರ್ಯಾದೆಯಾಗಿಯೇ ಕೇಳಿತಲ್ಲ ಎಂದು ಯಜಮಾನರು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಾರೆ.

“ಮೂವತ್ತು ವರ್ಷದಲ್ಲಿ ನಾನು ಕೇಳಿದ್ದಕ್ಕೆ ಒಂದೇ ಸಲಕ್ಕೆ ಹೌದು ಅಂದವರಲ್ಲ ಇವರು. ಆ ಡಬ್ಬಿ ಕೇಳಿದ್ದಕ್ಕೆ ಅಂದುಬಿಟ್ರು ನೋಡಿ” ಎಂದು ಅಕ್ಕ ಗೋಡೆಗೆ ಹೇಳುತ್ತಾರೆ. ಆಮೇಲೆ, ವೈರು ಮುಟ್ಟಬೇಡಿ ಎಂದು ಚೀಟಿ ಅಂಟಿಸದೆ ಹೋದದ್ದು ತನ್ನದೇ ತಪ್ಪು ಎಂದೂ ಸೇರಿಸುತ್ತಾರೆ. ಊರಿಗೆಲ್ಲ ಎಚ್ಚರಿಕೆ ಓದಿಸುವವರು ಮನೆಯಲ್ಲಿ ಒಂದು ಚೀಟಿ ಬರೆದಿಟ್ಟಿರಲಿಲ್ಲ.

ಅಂಥದೇ ಹಳೆಯ ಪೆಟ್ಟಿಗೆಗಾಗಿ ಮಧ್ಯಾಹ್ನದವರೆಗೂ ಫೋನು ಮಾಡುತ್ತಾರೆ. ಎಲ್ಲರ ಪೆಟ್ಟಿಗೆಯೂ ಹೊಸ ಆವೃತ್ತಿಯದೇ, ಎಲ್ಲರೂ ‘ಹೌದು’ ಒತ್ತಿದವರೇ. ಕೊನೆಗೆ ರೇಗಿ, ಈ ಗಡಿಬಿಡಿಯಲ್ಲಿ ಜಾಯ್‌ಸ್ಟಿಕ್ಕೂ ಕೆಟ್ಟಿತೋ ಏನೋ ಎಂದು ಪರೀಕ್ಷಿಸಲು ಅದರ ವೈರನ್ನು ಪಕ್ಕದಲ್ಲಿದ್ದ ಲ್ಯಾಪ್‌ಟಾಪಿಗೆ ಚುಚ್ಚುತ್ತಾರೆ. ಅದು ಯಾರೋ ಹಾಲು ಚೆಲ್ಲಿ ತಂದದ್ದು. ಲಿನಕ್ಸ್ ಚೆನ್ನಾಗಿಯೇ ಏಳುತ್ತದೆ, ಆದರೆ ಕೀಬೋರ್ಡಿನ ಒಂದು ಗುಂಡಿಯೂ ಕೆಲಸ ಮಾಡುವುದಿಲ್ಲ. ಕೀಬೋರ್ಡಿಲ್ಲದ ಲ್ಯಾಪ್‌ಟಾಪ್ ಯಾರಿಗೆ ಬೇಕು ಎಂದು ಅದರ ಯಜಮಾನ ಬಿಟ್ಟೇ ಹೋಗಿದ್ದ. ಕಡ್ಡಿ ಅಲ್ಲಾಡಿಸಿದರೆ ಪರದೆಯ ಮೇಲಿನ ಬಾಣ ಅಲ್ಲಾಡುತ್ತದೆ.

ಅಕ್ಕ ಕಡ್ಡಿಯನ್ನು ಇನ್ನೊಮ್ಮೆ ಅಲ್ಲಾಡಿಸುತ್ತಾರೆ. “ನಾಲ್ಕು ದಿನ ಆ ಪೆಟ್ಟಿಗೆ ಮುಂದೆ ತಲೆ ಚಚ್ಚಿಕೊಂಡೆನಲ್ಲ, ಮೊಣಕೈ ಪಕ್ಕದಲ್ಲೇ ಇತ್ತು ಇದು. ಅವರಿಗೆ ಪೆಟ್ಟಿಗೇನೇ ಯಾಕೆ ಬೇಕು? ಕೀಬೋರ್ಡ್ ಬೇಡದವರಿಗೆ ಕೀಬೋರ್ಡ್ ಇಲ್ಲದ್ದು ಸಾಕಲ್ವಾ? ನನಗೆ ಬುದ್ಧಿ ಇಲ್ಲ.”

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು ಮುದುಕರ ಮಂಚದ ಪಕ್ಕದಲ್ಲಿದೆ. ಹದಿನೈದು ಬೈ ಹದಿನೈದರ ಮನೆಗಳು ಮೂಡಿವೆ, ಕೆಳಗೆ ಅಕ್ಷರಗಳ ಫಲಕವಿದೆ. ಆದರೆ ಒಂದು ಪದ ತುಂಬಲು ಅವರಿಗೆ ಹನ್ನೆರಡು ನಿಮಿಷ ಬೇಕಾಗುತ್ತದೆ. ಅ ಆ ಇ ಈ ಎಂದು ವರ್ಣಮಾಲೆಯ ಸಾಲಿನಲ್ಲಿ ಒಂದೊಂದೇ ಮನೆ ದಾಟಿ ಹೋಗಿ ‘ರ’ ಮುಟ್ಟುವಷ್ಟರಲ್ಲಿ ಹೆಬ್ಬೆರಳು ಸೋಲುತ್ತದೆ. ಅವರು ಜಾಯ್‌ಸ್ಟಿಕ್ಕನ್ನು ಹಾಸಿಗೆಯ ಮೇಲೆ ಎಸೆಯುತ್ತಾರೆ. ಅಕ್ಕನಿಗೂ ಪಿತ್ತ ನೆತ್ತಿಗೇರಿದೆ. ಇಷ್ಟು ಮಾಡಿಕೊಟ್ಟರೂ ಆಗಲ್ಲ ಅಂದರೆ ಹೇಗೆ ಎಂದು ಕೇಳಿಯೇ ಬಿಡುತ್ತಾರೆ. ಮುದುಕ ಫಲಕದತ್ತ ಕೈ ತೋರಿಸಿ ತೊದಲುತ್ತಾರೆ.

“ರ... ಇಲ್ಲಿ... ಇರಲ್ಲ.”

ಅಕ್ಕನಿಗೆ ಅರ್ಥವಾಗುವುದಿಲ್ಲ, ಮಗಳಿಗೆ ಆಗುತ್ತದೆ. ಮೊಳೆ ಜೋಡಿಸುವವರ ಮುಂದೆ ಖಾನೆ ಖಾನೆಯ ಮರದ ಹಲಗೆಯಿರುತ್ತದೆ. ಪದೇ ಪದೇ ಬೇಕಾಗುವ ಅಕ್ಷರಗಳು ಕೈಗೆ ಹತ್ತಿರ, ಅಪರೂಪದವು ಅಂಚಿಗೆ. ಕಣ್ಣು ಹಸ್ತಪ್ರತಿಯ ಮೇಲಿದ್ದರೂ ಕೈ ತಾನಾಗಿ ಖಾನೆಗೆ ಹೋಗಬೇಕು. ಅಪ್ಪನ ಕೈ ಇನ್ನೂ ಆ ಖಾನೆಗಳಿಗೇ ಹೋಗುತ್ತಿದೆ.

ಲಿನಕ್ಸಿನಲ್ಲಿ ಇಂಥ ಫಲಕದ ಜೋಡಣೆಯೆಲ್ಲ ಒಂದು ಸಾದಾ ಫೈಲಿನಲ್ಲಿರುತ್ತದೆ, ಅದನ್ನು ಯಾರ ಅಪ್ಪಣೆಯೂ ಇಲ್ಲದೆ ತೆರೆದು ತಿದ್ದಬಹುದು. ಅಕ್ಕ ಬೇರೊಂದು ಕೀಬೋರ್ಡ್ ಸಿಕ್ಕಿಸಿಕೊಂಡು ಕೂರುತ್ತಾರೆ. ಒಂದೊಂದು ಅಕ್ಷರಕ್ಕೂ, ಕೊಂಬಿಗೂ, ಒತ್ತಿಗೂ ಮುದುಕ ಜಾಗ ತೋರಿಸುತ್ತಾರೆ. ಒಂದು ಮನೆ ಆಚೀಚೆಯಾದರೆ ಅಲ್ಲ ಅನ್ನುತ್ತಾರೆ. ಅಕ್ಕ ಹಲ್ಲು ಕಚ್ಚಿ ತಿದ್ದುತ್ತಾರೆ, ಅವರು ಮತ್ತೆ ಅಲ್ಲ ಅನ್ನುತ್ತಾರೆ. ಎಪ್ಪತ್ತೆರಡು ಖಾನೆ, ಐದೂವರೆ ಗಂಟೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಿ ಸಾಕುಬೇಕಾಗಿದೆ. ಕೊನೆಯ ಒತ್ತಕ್ಷರ ಕೂತಮೇಲೆ ಮುದುಕ ಜಾಯ್‌ಸ್ಟಿಕ್ ಎತ್ತಿಕೊಳ್ಳುತ್ತಾರೆ. ಫಲಕವನ್ನು ನೋಡುವುದೇ ಇಲ್ಲ, ಮೇಲಿನ ಮನೆಗಳನ್ನೇ ನೋಡುತ್ತ ನಾಲ್ಕಕ್ಷರದ ಪದವೊಂದನ್ನು ಒಂದೂವರೆ ನಿಮಿಷದಲ್ಲಿ ತುಂಬುತ್ತಾರೆ. ಆಮೇಲೆ ಮಗಳ ಕಡೆ ತಿರುಗಿ, ಕೋಣೆಯಿಂದ ಆಚೆ ಹೋಗು ಎಂದು ಸನ್ನೆ ಮಾಡುತ್ತಾರೆ. ಅವಳು ಉತ್ತರ ನೋಡಬಾರದು. ಮಗಳು ಬಾಗಿಲಾಚೆ ನಿಂತು ಅತ್ತದ್ದನ್ನು ಅಕ್ಕ ಕಂಡಿದ್ದಾರೆ, ಆ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಅಪ್ಪ ಸುಳಿವು ಸಮೇತ ಕಟ್ಟಿ ಮುಗಿಸಿದ ಪದಬಂಧದ ಮುಂದೆ ಮಗಳು ಪೆನ್ಸಿಲ್ ಹಿಡಿದು ಕೂರುತ್ತಾಳೆ. ಮೂರು ಕಡೆ ತಡವರಿಸುತ್ತಾಳೆ, ಒಂದು ಪದವಂತೂ ಅವಳಿಗೆ ಬರುವುದೇ ಇಲ್ಲ. ಅಪ್ಪನಿಗೆ ಅಷ್ಟು ಸಾಕು. ಹತ್ತೂ ಇಪ್ಪತ್ತಕ್ಕೆ ಪದಬಂಧ ಪತ್ರಿಕೆಗೆ ತಲುಪುತ್ತದೆ, ಅದರ ಮುಂದಿನ ವಾರ ಅಚ್ಚಾಗುತ್ತದೆ. ಅದರಲ್ಲಿ ಅಕ್ಕನ ಹೆಸರು ಎಲ್ಲೂ ಇಲ್ಲ, ಇರಬೇಕೆಂದು ಯಾರಿಗೂ ತೋಚಿದ ಹಾಗಿಲ್ಲ.

ಅಕ್ಕನಿಗೆ ಅದನ್ನು ಯೋಚಿಸಲು ಪುರಸೊತ್ತೂ ಇಲ್ಲ. ಫೋನು ಬಡಿದುಕೊಳ್ಳುತ್ತಲೇ ಇದೆ. ಒಬ್ಬರ ಪ್ರಿಂಟರ್ ಮುನಿಸಿಕೊಂಡಿದೆ, ಇನ್ನೊಬ್ಬರ ಅಳಿಯ ಬಂದು ಹಳೆಯ ಸಿಸ್ಟಮ್ಮನ್ನೇ ತಿರುಗಿ ಹಾಕಿ ಕೆಡಿಸಿದ್ದಾನೆ. ದೂರಿಲ್ಲದೆ ತನಗೆ ಒಂದು ಸಂದೇಶವೂ ಬರುವುದಿಲ್ಲ ಎಂದು ಗೊಣಗುತ್ತ ಮೊಬೈಲ್ ಮುಂದೆ ಹಿಡಿಯುತ್ತಾರೆ. ನಿನ್ನೆ ಮುದುಕರಿಂದಲೂ ಒಂದು ಬಂದಿದೆ. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಕಪ್ಪು ಮನೆ ಕಪ್ಪಾಗಿ ಕಾಣುತ್ತಿಲ್ಲ, ಬೂದು ಬಣ್ಣವಾಗಿದೆ. ‘ಳ’ ಇರಬೇಕಾದದ್ದು ‘ಲ’ದ ಎಡಕ್ಕೆ, ನೀವು ಬಲಕ್ಕೆ ಇಟ್ಟಿದ್ದೀರಿ, ಅವತ್ತೇ ಹೇಳಿದ್ದೆ. ಹೀಗೆಯೇ ಕೊನೆಯವರೆಗೂ ಸಾಗುತ್ತದೆ.

“ಅವತ್ತು ಅವರು ಬಲಕ್ಕೇ ಅಂದಿದ್ದು, ನಾನೇನು ಕಿವುಡಿಯಾ?” ಅನ್ನುತ್ತಾರೆ ಅಕ್ಕ. ಆಮೇಲೆ ಕನ್ನಡಕ ಇಳಿಸಿ ಸಂದೇಶವನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ಓದುತ್ತಾರೆ. “ಎಂಟು ಸಾಲು ಬೈದಿದ್ದಾರೆ. ಒಂದಕ್ಷರಾನೂ ಯಾರ ಕೈಲೂ ಬರೆಸಿಲ್ಲ.”