‘ಹೋಗಿ ಬರ್ತೀನಿ’ ಎನ್ನದ ಮಾಸ್ತರ

ವಿಜಯಪುರದ ಕಾಲೇಜೊಂದರಲ್ಲಿ ನಾನು ತತ್ವಶಾಸ್ತ್ರ ಕಲಿಸುತ್ತೇನೆ. ಅಂದರೆ, ಬೇರೆ ವಿಷಯ ಸಿಗದ ಹುಡುಗರಿಗೆ ಅನುಮಾನ ಪಡುವುದನ್ನು ಕಲಿಸುತ್ತೇನೆ. ನನ್ನ ಪುಸ್ತಕಗಳೊಳಗೆ ಎರಡು ಪಂಥದವರು ಈ ಅನುಮಾನಕ್ಕಾಗಿಯೇ ಗುದ್ದಾಡುತ್ತಾರೆ. ‘ನನಗೆ ಗೊತ್ತು’ ಎಂದರೆ ಸಾಕು, ವಿಶ್ಲೇಷಣೆಯ ಪಂಥದವರು ‘ಗೊತ್ತು’ ಅಂದರೇನು, ಆಧಾರವೇನು ಎಂದು ಅಡ್ಡಗಟ್ಟುತ್ತಾರೆ. ವ್ಯವಹಾರವಾದಿಗಳು ‘ಅದನ್ನು ನಂಬಿ ನೀನು ಏನು ಮಾಡುತ್ತೀ, ಅದನ್ನು ಹೇಳು’ ಎನ್ನುತ್ತಾರೆ. ನಾನು ಮೊದಲಿನವರ ಕಡೆ. ಮಾಡುವುದಕ್ಕಿಂತ ಕೇಳುವುದು ಸುಲಭ. ನನ್ನಂಥ ಮೈಗಳ್ಳನಿಗೆ ಹೇಳಿ ಮಾಡಿಸಿದ ಪಂಥ.

ಈ ಹುಚ್ಚು ಮನೆಯೊಳಗೂ ನುಗ್ಗಿತು. ನಮ್ಮೂರು ತಿಕೋಟಾದಿಂದ ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಹೊರಡುವಾಗ ನಾನು ‘ಹೋಗ್ತೀನಿ’ ಎನ್ನುತ್ತಿದ್ದೆ. ‘ಹೋಗಿ ಬರ್ತೀನಿ’ ಎನ್ನುತ್ತಿರಲಿಲ್ಲ. ಬರುವುದಕ್ಕೆ ಆಧಾರವೇನು? ಬಬಲೇಶ್ವರದಿಂದ ಮಗಳ ಮನೆಗೆಂದು ಬಂದಿದ್ದ ನಮ್ಮ ಅತ್ತೆ ಒಮ್ಮೆ ಇದನ್ನು ಕೇಳಿ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಶಿವ ಶಿವಾ! ಹಂಗ ಅನಬಾರ್ದ್ರಿ ಯಪ್ಪಾ. ಹೋಗಿ ಬರ್ತೀನಿ ಅನ್ರಿ."

"ಬರೂದು ಖಾತ್ರಿ ಇಲ್ರಿ ಅತ್ತಿ. ಗೊತ್ತಿಲ್ಲದ್ದು ಹೆಂಗ ಅನ್ಲಿ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಅಲ್ಲಿಂದಲೇ ಕೂಗಿದಳು: "ಸಂಜಿಗೆ ನಿಮಗ ರೊಟ್ಟಿ ಎಷ್ಟು ಇಡ್ಲಿ?"

"ಮೂರಿರ್ಲಿ," ಎಂದೆ.

"ಬರೂದು ಖಾತ್ರಿ ಇಲ್ಲ, ರೊಟ್ಟಿ ಮಾತ್ರ ಮೂರು ಬೇಕು! ಭಾಳ ಶ್ಯಾಣ್ಯಾ ಅದೀರಿ ಬಿಡ್ರಿ."

ವ್ಯವಹಾರವಾದಿಗಳ ಇಡೀ ವಾದ ಅಷ್ಟೇ. ಅದನ್ನು ಪಾಠ ಮಾಡಲು ನಾನು ಒಂದು ತಿಂಗಳು ತೆಗೆದುಕೊಳ್ಳುತ್ತೇನೆ. ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡಿದೆ.

ಕಳೆದ ವರ್ಷ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದರು. ವಿಜಯಪುರದಲ್ಲೇ ಆಪರೇಶನ್. ಡಾಕ್ಟರು, "ಹೆದರಬ್ಯಾಡ್ರಿ, ಆದ್ರ ಗ್ಯಾರಂಟಿ ಅಂತ ಯಾರೂ ಹೇಳಾಕ ಬರಂಗಿಲ್ಲ," ಎಂದರು. ನನ್ನದೇ ಭಾಷೆ! ಆ ಮನುಷ್ಯನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದಾಗ ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಅನುಮಾನವೆಂದರೆ ಬುದ್ಧಿಗೆ ಆಭರಣ ಎಂದು ಹುಡುಗರಿಗೆ ಹೇಳುತ್ತಿದ್ದೆನಲ್ಲ, ಖರೇ ಅನುಮಾನ ಮುಚ್ಚಿದ ಬಾಗಿಲಿನಿಂದ ಕಣ್ಣು ತೆಗೆಯಗೊಡುವುದಿಲ್ಲ. ಅಲ್ಲಿಯವರೆಗೆ ನಾನು ಪಟ್ಟದ್ದೆಲ್ಲ ಬರೀ ನಾಟಕ.

ಪಕ್ಕದಲ್ಲಿ ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ನನ್ನ ತೋಳು ಹಿಡಿದು ಕೇಳಿದರು: "ಯಪ್ಪಾ, ಬರ್ತಾಳ ಹೌದಲ್ರೀ?"

"ಬರ್ತಾಳ್ರಿ."

"ನಿಮಗ ಗೊತ್ತೈತೇನು?"

"ಗೊತ್ತೈತ್ರಿ," ಎಂದೆ. ನನಗೆ ಮಣ್ಣೂ ಗೊತ್ತಿರಲಿಲ್ಲ.

ಅತ್ತೆ ಕಣ್ಣೊರೆಸಿಕೊಂಡರು. "ಹಂಗಾರ ಚಿಂತಿಲ್ಲ. ಬ್ಯಾರೇದವರು ಅಂದಿದ್ರ ನಂಬತಿದ್ದಿಲ್ಲ. ಬಸ್ ಹತ್ತೂ ಮುಂದ ಸುದ್ದಾ ಬರ್ತೀನಿ ಅನ್ನಾವರಲ್ಲ ನೀವು," ಎಂದು ಚಹಾ ಕುಡಿಯಲು ಎದ್ದು ಹೋದರು. ವರ್ಷಗಟ್ಟಲೆ ಕೂಡಿಟ್ಟಿದ್ದ ನನ್ನ ಪ್ರಾಮಾಣಿಕತೆಯೆಲ್ಲ ಒಂದೇ ಸುಳ್ಳಿಗೆ ಖರ್ಚಾಯಿತು. ನಾಚಿಕೆಯೇನೂ ಆಗಲಿಲ್ಲ. ಆ ಸುಳ್ಳು ಖರೆಯಾದರೆ ಸಾಕೆಂದು ಬೆಂಚಿಗೆ ಅಂಟಿಕೊಂಡು ಕುಳಿತೆ.

ಮಧ್ಯಾಹ್ನ ಬಾಗಿಲು ತೆರೆಯಿತು. "ಎಲ್ಲಾ ಛಲೋ ಆತ್ರಿ," ಎಂದರು ಡಾಕ್ಟರು. ಅವರ ಹಿಂದೆಯೇ ಸ್ಟ್ರೆಚರ್ ಮೇಲೆ, ಮಂಪರಿನಲ್ಲಿ, ಅವಳು. ಜನ ನೋಡುತ್ತಿದ್ದಾರೆಂಬ ಖಬರಿಲ್ಲದೆ, ನಾನು ಗೋಡೆಗೆ ಒರಗಿ ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆ ಗಾಬರಿಯಾಗಿ, ಮಗಳನ್ನು ಬಿಟ್ಟು ನನ್ನನ್ನು ನೋಡಿದರು.

"ಯಾಕ್ರೀ ಯಪ್ಪಾ, ಗೊತ್ತೈತಿ ಅಂದಿದ್ರಲ್ಲಾ?"