ಉಳಿದಿದ್ದ ಒಂದೇ ಮಾತು

ಒಂಟಿಕೊಪ್ಪಲಿನ ನಮ್ಮ ಪಕ್ಕದ ಮನೆಯ ಯಜಮಾನರು ಕಾಫಿಪುಡಿ ಅಂಗಡಿ ಇಟ್ಟಿದ್ದರು. ಹುರಿದ ಬೀಜವನ್ನು ಬೆರಳಲ್ಲೇ ಒಡೆದು ಮೂಸುತ್ತಿದ್ದರು. ಯಾರೇ ಬರಲಿ, ತಲೆ ಎತ್ತದೆ, "ಚಿಕೋರಿ ಎಷ್ಟ್ ಹಾಕ್ಲಿ?" ಎನ್ನುತ್ತಿದ್ದರು.

ಲಕ್ವ ಹೊಡೆದು ಮಾತು ಹೋದಾಗ ಅವರ ಬಾಯಲ್ಲಿ ಉಳಿದದ್ದು ಅದೊಂದೇ: "ಚಿಕೋರಿ." ನೀರು ಬೇಕಾದರೂ ಚಿಕೋರಿ, ಫ್ಯಾನ್ ಹಾಕಬೇಕಾದರೂ ಚಿಕೋರಿ. ಒಮ್ಮೆ ನನ್ನನ್ನು ಗೇಟಿನಲ್ಲಿ ಕಂಡು ಹಾಗೆಂದಾಗ, ಅವರ ಹೆಂಡತಿ ಒಳಗಿನಿಂದಲೇ, "ಮೋಡ ಆಗಿದೆ, ಛತ್ರಿ ತಗೊಂಡ್ ಹೋಗು ಅಂತಿದಾರೆ ಕಣಮ್ಮ" ಎಂದರು. ಅವರು ಹೌದೆಂದು ತಲೆಯಾಡಿಸಿದರು.

"ನಿಮಗೆ ಹೆಂಗೆ ತಿಳಿಯುತ್ತೆ ಆಂಟಿ?"

"ಮೊದ್ಲು ನಂಗೂ ತಿಳೀತಿರ್ಲಿಲ್ಲ. ನಾನೊಂದು ಅಂದ್ಕೊಂಡು ತಂದ್ಕೊಡೋದು, ಅವ್ರು ಅದಲ್ಲ ಅಂತ ಕೈ ಆಡ್ಸೋದು. ಹಂಗೇ ಇಬ್ರೂ ಸೇರಿ ಕಲ್ತ್ಕೊಂಡ್‌ಬುಟ್ವಿ."

ಸಂಜೆ ಜಗಲಿಯಲ್ಲಿ ಕೂತು ಅವರು ಮತ್ತೆ ಮತ್ತೆ ಚಿಕೋರಿ ಎನ್ನುವುದೂ, ಆಂಟಿ "ಸಾಕು, ಸುಮ್ನಿರ್ರೀ" ಎಂದು ನಗುವುದೂ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ಹೋದ ವರ್ಷ ಆಂಟಿ ತೀರಿಕೊಂಡರು. ಹಜಾರದಲ್ಲಿ ಮಲಗಿಸಿದ್ದರು, ತಲೆಯ ಪಕ್ಕದಲ್ಲಿ ಕುರ್ಚಿ ಹಾಕಿ ಇವರನ್ನು ಕೂರಿಸಿದ್ದರು. "ಹೊತ್ತಾಯ್ತು, ಎತ್ತೋಣ" ಎಂದು ಯಾರೋ ಅಂದರು. ಆಗ ಇವರು, "ಚಿಕೋರಿ" ಎಂದರು. ಮಗಳು ನೀರು ತಂದಳು. ಅದಲ್ಲವೆಂದು ಕೈ ಆಡಿಸಿದರು. ನಾನು ಫ್ಯಾನ್ ಹಾಕಿದೆ. ಅದೂ ಅಲ್ಲ. ಇನ್ನಷ್ಟು ಮೆತ್ತಗೆ ಮತ್ತೊಮ್ಮೆ, "ಚಿಕೋರಿ."

ಏನು ಹೇಳುತ್ತಿದ್ದಾರೆಂದು ತಿಳಿಯದೆ, ನಾವೆಲ್ಲ ಎಂದಿನಂತೆ ಆಂಟಿಯ ಮುಖ ನೋಡಿದೆವು.